ಕುರ್ಚಿಯೂ ಅಮಾನತ್, ಕಾಯಿಲೆ ಬಿದ್ದ ಸಂಗಾತಿಯೂ ಅಮಾನತ್

ಅಮಾನತ್ ಎಂಬ ಪದ ಜುಮಾ ಖುತ್ಬಾಗಳಲ್ಲಿ ಮತ್ತೆ ಮತ್ತೆ ಕೇಳಿ ಬರುತ್ತದೆ. ಇನ್ನೊಬ್ಬರು ನಂಬಿ ಕೊಟ್ಟ ಹಣ ಅಮಾನತ್. ಕಿವಿಯಲ್ಲಿ ಹೇಳಿದ ಗುಟ್ಟು ಅಮಾನತ್. ಜನರು ಓಟು ಹಾಕಿ ಕೂರಿಸಿದ ಕುರ್ಚಿಯೂ ಅಮಾನತ್. ಹುದ್ದೆ ಕೇಳಿದ ಹ. ಅಬೂದರ್(ರ) ಅವರಿಗೆ, ಅದು ಅಮಾನತ್, ಅದರ ಹಕ್ಕನ್ನು ಸರಿಯಾಗಿ ಸಲ್ಲಿಸದವನಿಗೆ ಪರಲೋಕದಲ್ಲಿ ಅದೇ ಅವಮಾನವಾಗುತ್ತದೆ ಎಂದು ಪ್ರವಾದಿ(ಸ) ಎಚ್ಚರಿಸಿದ್ದು ಮುಸ್ಲಿಮ್ ಹದೀಸ್ ಗ್ರಂಥದಲ್ಲಿದೆ. ಅದೇ ಪ್ರವಾದಿ(ಸ) ವಿದಾಯ ಹಜ್ಜ್‌ನ ಭಾಷಣದಲ್ಲಿ, ನಿಮ್ಮ ಪತ್ನಿಯರನ್ನು ನೀವು ಅಲ್ಲಾಹನ ಅಮಾನತ್ ಆಗಿ ಪಡೆದಿದ್ದೀರಿ ಎಂಬರ್ಥದ ಮಾತನ್ನೂ ಹೇಳಿದರು.

ಹಾಗಾದರೆ ಈ ಎರಡು ಅಮಾನತ್‌ಗಳು ಒಂದೇ ದಿನ, ಒಂದೇ ಹೊತ್ತಿಗೆ ಒಬ್ಬನನ್ನು ಕರೆದರೆ ಅವನು ಯಾವ ಕಡೆ ಹೋಗಬೇಕು? ಬೆಳಿಗ್ಗೆ ಪಂಚಾಯ್ತಿಯಲ್ಲಿ ಸಾಮಾನ್ಯ ಸಭೆ ಇದೆ, ಅದೇ ಬೆಳಿಗ್ಗೆ ಪತ್ನಿಗೆ ಡಯಾಲಿಸಿಸ್ ಇದೆ. ಅಂಜುಮನ್ ಕಮಿಟಿಯ ಲೆಕ್ಕಪತ್ರ ಮುಗಿಸಬೇಕು, ಲಕ್ವಾ ಹೊಡೆದು ಮಲಗಿದ ಸಂಗಾತಿಯನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಇಂಥ ಪರಿಸ್ಥಿತಿ ಬಂದಾಗ ಹುದ್ದೆಗೆ ರಾಜೀನಾಮೆ ಕೊಟ್ಟು ಮನೆಗೆ ಹೋಗುವುದು ಹೊಣೆಗೇಡಿತನವೇ, ಹೊಣೆಗಾರಿಕೆಯೇ?

ನಮ್ಮ ಭಾಗದಲ್ಲಿ ಈ ಪ್ರಶ್ನೆ ಇನ್ನಷ್ಟು ಬಿಗಿಯಾಗುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಯಾವ ಊರಾದರೂ ದೊಡ್ಡ ಕಾಯಿಲೆಗೆ ಬಳ್ಳಾರಿಗೋ ದಾವಣಗೆರೆಗೋ ಹುಬ್ಬಳ್ಳಿಗೋ ಹೋಗಬೇಕು. ಕ್ಯಾನ್ಸರ್ ಎಂದರೆ ಹಲವರಿಗೆ ಬೆಂಗಳೂರಿನ ಕಿದ್ವಾಯಿಯೇ ದಾರಿ. ಹೋಗಿ ಬಂದರೆ ಒಂದು ದಿನ ಮುಗಿಯುತ್ತದೆ. ಅಲ್ಲಿ ಉಳಿಯಬೇಕಾದರೆ ವಾರಗಳೇ ಬೇಕು. ಡಯಾಲಿಸಿಸ್ ಆದರೆ ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ನಾಲ್ಕು ತಾಸಿನಷ್ಟು. ಇಷ್ಟನ್ನೂ ಮಾಡಿಕೊಂಡು ಊರಿನ ಹೊಣೆಯನ್ನು ಪೂರ್ತಿಯಾಗಿ ಹೊರುವುದು ಎಲ್ಲರಿಗೂ ಸಾಧ್ಯವಿಲ್ಲ.

ಬದ್ರ್‌ಗೆ ಹೋಗದ ಉಸ್ಮಾನ್(ರ)

ಹಿಜರಿ 2ನೇ ವರ್ಷ, ಕ್ರಿ.ಶ. 624. ಮದೀನಾದ ಮುಸ್ಲಿಮರು ಬದ್ರ್ ಕಡೆಗೆ ಹೊರಟಿದ್ದರು. ಈ ಕಡೆ ಮುನ್ನೂರಕ್ಕೆ ಸ್ವಲ್ಪ ಹೆಚ್ಚು ಜನ, ಆ ಕಡೆ ಸುಮಾರು ಸಾವಿರ. ಒಬ್ಬೊಬ್ಬನೂ ಲೆಕ್ಕಕ್ಕೆ ಬರುವ ಹೊತ್ತು. ಅದೇ ಸಮಯದಲ್ಲಿ ಹ. ಉಸ್ಮಾನ್(ರ) ಅವರ ಪತ್ನಿ, ಪ್ರವಾದಿ(ಸ) ಅವರ ಮಗಳು ಹ. ರುಕಯ್ಯ(ರ) ಕಾಯಿಲೆ ಬಿದ್ದು ಮಲಗಿದ್ದರು. ಮಕ್ಕಾದ ಕಿರುಕುಳ ತಾಳಲಾರದೆ ಗಂಡನ ಜೊತೆ ಕಡಲು ದಾಟಿ ಅಬಿಸೀನಿಯಾಕ್ಕೆ ಹೋಗಿ, ಮತ್ತೆ ಮದೀನಾಕ್ಕೆ ಹಿಜ್ರಾ ಮಾಡಿದ್ದ ಜೀವ ಅದು.

ಪ್ರವಾದಿ(ಸ) ಉಸ್ಮಾನ್(ರ) ಅವರಿಗೆ ಪತ್ನಿಯ ಬಳಿಯೇ ಇರಲು ಹೇಳಿದರು. ಬದ್ರ್‌ನಲ್ಲಿ ಪಾಲ್ಗೊಂಡವನಿಗೆ ಸಿಗುವ ಪ್ರತಿಫಲವೂ ಸಮರ ಸೊತ್ತಿನ ಪಾಲೂ ನಿಮಗಿದೆ ಎಂದು ಭರವಸೆ ಕೊಟ್ಟರು. ಬುಖಾರಿಯಲ್ಲಿ ಇದು ದಾಖಲಾಗಿದೆ. ರುಕಯ್ಯ(ರ) ಆ ಕಾಯಿಲೆಯಿಂದ ಏಳಲಿಲ್ಲ. ಬದ್ರ್‌ನ ಜಯದ ಸುದ್ದಿ ಹೊತ್ತು ಹ. ಝೈದ್ ಬಿನ್ ಹಾರಿಸ(ರ) ಮದೀನಾ ತಲುಪಿದಾಗ ಜನರು ಆಕೆಯ ದಫನ್ ಕಾರ್ಯದಲ್ಲಿದ್ದರು ಎಂದು ಚರಿತ್ರೆಕಾರರು ಬರೆದಿದ್ದಾರೆ.

ಈ ಘಟನೆಯಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಉಸ್ಮಾನ್(ರ) ಸಿರಿವಂತ ವ್ಯಾಪಾರಿ. ಆರೈಕೆಗೆ ಬೇರೆಯವರನ್ನು ಇಡುವ ಶಕ್ತಿ ಅವರಿಗಿತ್ತು. ಆದರೂ ಗಂಡನೇ ಹತ್ತಿರ ಇರಬೇಕೆಂದು ಹೇಳಲಾಯಿತು. ಎರಡನೆಯದು, ಅವರು ಹೇಳದೆ ಕೇಳದೆ ಉಳಿದವರಲ್ಲ. ನಾಯಕರ ಮಾತಿನಂತೆ ಉಳಿದರು. ಮೂರನೆಯದು, ಮನೆಯಲ್ಲಿ ರೋಗಿಯ ಹಾಸಿಗೆಯ ಬಳಿ ಕಳೆದ ಆ ದಿನಗಳನ್ನು ರಣರಂಗದಲ್ಲಿ ಕಳೆದ ದಿನಗಳಿಗೆ ಸಮವಾಗಿ ಎಣಿಸಲಾಯಿತು. ಮನೆಯ ಕೆಲಸ ಕೀಳು, ಊರಿನ ಕೆಲಸ ಮೇಲು ಎಂಬ ನಮ್ಮ ಲೆಕ್ಕ ಇಲ್ಲಿ ನಡೆಯಲಿಲ್ಲ.

ಇನ್ನೊಂದು ಹದೀಸ್ ಕೂಡ ಇದೇ ದಾರಿ ತೋರಿಸುತ್ತದೆ. ಒಬ್ಬರು ಪ್ರವಾದಿ(ಸ) ಬಳಿ ಬಂದು, ಇಂಥ ಸೇನಾ ಕಾರ್ಯಾಚರಣೆಗೆ ತಮ್ಮ ಹೆಸರು ಬರೆಸಲಾಗಿದೆ, ಅತ್ತ ಪತ್ನಿ ಹಜ್ಜ್‌ಗೆ ಹೊರಟಿದ್ದಾಳೆ ಎಂದರು. ಹೋಗಿ ಪತ್ನಿಯ ಜೊತೆ ಹಜ್ಜ್ ಮಾಡಿ ಎಂದು ಪ್ರವಾದಿ(ಸ) ಅವರನ್ನು ಕಳಿಸಿದರು. ಹೆಸರು ಬರೆಸಿ ಆದ ಮೇಲೂ ಬಿಡುಗಡೆ ಸಿಕ್ಕಿತು. ಆ ಜಾಗಕ್ಕೆ ಇನ್ನೊಬ್ಬ ಸೈನಿಕ ಸಿಗಬಹುದು. ಆ ಹೆಣ್ಣುಮಗಳಿಗೆ ಜೊತೆಗೆ ಹೋಗಲು ಗಂಡನೇ ಬೇಕಿತ್ತು.

ಆಡಿಕೊಳ್ಳುವವರಿಗೆ ಇಬ್ನು ಉಮರ್(ರ) ಉತ್ತರ

ಕುರ್ಚಿ ಬಿಡುವವನನ್ನು ಕಾಯಿಲೆಗಿಂತ ಹೆಚ್ಚು ಕಾಡುವುದು ಜನರ ಮಾತು. "ಏನ್ ಸಾಹೇಬ್ರ, ಹೆಂಡ್ತಿಗೆ ಹುಷಾರಿಲ್ಲ ಅಂತ ಅಧ್ಯಕ್ಷಗಿರಿ ಬಿಟ್ರಂತಲ್ಲ, ಮನೇಲಿ ಹೆಣ್ಮಕ್ಕಳು ಯಾರೂ ಇರ್ಲಿಲ್ವ?" ಎಂದು ಕೇಳುವವರು ಚಹಾದಂಗಡಿಯಲ್ಲೂ ಇರುತ್ತಾರೆ, ಮಸೀದಿಯ ಮೆಟ್ಟಿಲ ಮೇಲೂ ಇರುತ್ತಾರೆ.

ಉಸ್ಮಾನ್(ರ) ಕೂಡ ಇದರಿಂದ ತಪ್ಪಿಸಿಕೊಳ್ಳಲಿಲ್ಲ. ಎಷ್ಟೋ ವರ್ಷಗಳ ನಂತರ ಹಜ್ಜ್‌ಗೆ ಬಂದಿದ್ದ ಈಜಿಪ್ಟಿನ ಒಬ್ಬ ವ್ಯಕ್ತಿ ಹ. ಅಬ್ದುಲ್ಲಾ ಬಿನ್ ಉಮರ್(ರ) ಅವರ ಮುಂದೆ ನಿಂತು, ಉಸ್ಮಾನ್ ಬದ್ರ್‌ನಲ್ಲಿ ಇರಲಿಲ್ಲ ತಾನೇ ಎಂದು ಕೇಳಿದ. ಉಹುದ್ ಮತ್ತು ರಿದ್ವಾನ್ ಪ್ರತಿಜ್ಞೆಯ ವಿಷಯವನ್ನೂ ಎತ್ತಿದ. ಇಬ್ನು ಉಮರ್(ರ) ಪ್ರತಿ ಪ್ರಶ್ನೆಗೂ ಹೌದು ಎಂದರು. ಗೆದ್ದೆನೆಂದು ಅವನು ತಕ್ಬೀರ್ ಹೇಳಿದಾಗ ಅವನನ್ನು ಕರೆದು ಒಂದೊಂದನ್ನೇ ಬಿಡಿಸಿ ಹೇಳಿದರು. ಬದ್ರ್‌ನ ಮಟ್ಟಿಗೆ, ಪ್ರವಾದಿ(ಸ) ಅವರ ಮಗಳು ಅವರ ಪತ್ನಿಯಾಗಿದ್ದಳು, ಆಕೆ ಕಾಯಿಲೆಯಲ್ಲಿದ್ದಳು, ಉಳಿದವನಿಗೆ ಹೋದವನ ಪಾಲನ್ನೇ ಕೊಡಲಾಯಿತು ಎಂದು ತಿಳಿಸಿದರು. ಈ ಉತ್ತರವನ್ನೂ ಜೊತೆಗೆ ಕೊಂಡೊಯ್ಯಿ ಎಂದು ಹೇಳಿ ಕಳಿಸಿದರು.

ಗೈರುಹಾಜರಿ ಸತ್ಯ, ಆದರೆ ಕಾರಣ ಬಿಟ್ಟು ಗೈರುಹಾಜರಿಯನ್ನು ಮಾತ್ರ ಹೇಳುವುದು ಅನ್ಯಾಯ ಎಂಬುದು ಆ ಉತ್ತರದ ತಿರುಳು. ನಮ್ಮೂರಿನಲ್ಲಿ ಯಾರಾದರೂ ಇಂಥ ಕಾರಣಕ್ಕೆ ಹುದ್ದೆ ಬಿಟ್ಟರೆ ಅವರ ಪರವಾಗಿ ಇಬ್ನು ಉಮರ್(ರ) ಅವರಂತೆ ನಾಲ್ಕು ಮಾತು ಹೇಳುವವರು ಬೇಕು.

ಅದೇ ಇಬ್ನು ಉಮರ್(ರ) ಒಂದು ಶುಕ್ರವಾರ ಹ. ಸಈದ್ ಬಿನ್ ಝೈದ್(ರ) ಅವರ ಕಾಯಿಲೆಯ ಸುದ್ದಿ ಕೇಳಿ, ಜುಮಾದ ಹೊತ್ತು ಹತ್ತಿರವಾಗಿದ್ದರೂ ಜುಮಾ ಬಿಟ್ಟು ಅವರ ಬಳಿಗೆ ಹೋದರೆಂದು ಬುಖಾರಿಯಲ್ಲಿದೆ. ನೋಡಿಕೊಳ್ಳಲು ಬೇರೆ ಯಾರೂ ಇಲ್ಲದ ರೋಗಿಯ ಆರೈಕೆ ಮಾಡುವವನಿಗೆ ಜುಮಾದಿಂದ ವಿನಾಯಿತಿ ಇದೆ ಎಂದು ಫಿಕ್ಹ್ ವಿದ್ವಾಂಸರು ಹೇಳುತ್ತಾರೆ. ಜುಮಾಕ್ಕೇ ವಿನಾಯಿತಿ ಇರುವಾಗ ಕಮಿಟಿಯ ಸಭೆ ಎಷ್ಟರದು?

ನಮ್ಮ ಕಾಲದ ಒಂದು ರಾಜೀನಾಮೆ

ಸಾಂಡ್ರಾ ಡೇ ಒಕಾನರ್ ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ. 1981ರಲ್ಲಿ ನೇಮಕವಾದವರು. ಅಲ್ಲಿ ಆ ಹುದ್ದೆಗೆ ನಿವೃತ್ತಿಯ ವಯಸ್ಸಿಲ್ಲ. ಬಯಸಿದರೆ ಕೊನೆಯುಸಿರಿನವರೆಗೂ ಕೂರಬಹುದು. ಅವರ ಪತಿ ಜಾನ್ ಅವರಿಗೆ ಮರೆವಿನ ಕಾಯಿಲೆ ಆಲ್‌ಝೈಮರ್ಸ್ ಬಂತು. ಮನೆಯಲ್ಲಿ ಒಬ್ಬರನ್ನೇ ಬಿಡಲಾಗದೆ ಆಕೆ ಕೆಲವು ಕಾಲ ಪತಿಯನ್ನು ತಮ್ಮ ಜೊತೆ ಕೋರ್ಟಿನ ಕಚೇರಿಗೇ ಕರೆತರುತ್ತಿದ್ದರು. ಕೊನೆಗೆ 2005ರ ಜುಲೈ 1ರಂದು ಹುದ್ದೆ ಬಿಡುವುದಾಗಿ ಪ್ರಕಟಿಸಿದರು.

ಅವರು ಬಿಟ್ಟ ರೀತಿಯನ್ನು ನೋಡಿ. ತಮ್ಮ ಜಾಗಕ್ಕೆ ಬರುವವರ ನೇಮಕ ಖಚಿತವಾದ ಮೇಲೆ ರಾಜೀನಾಮೆ ಜಾರಿಯಾಗಲಿ ಎಂದು ಬರೆದರು. ಹಾಗಾಗಿ 2006ರ ಜನವರಿ 31ರವರೆಗೂ ಕೆಲಸ ಮಾಡಿ ಹೊರಬಂದರು. ನ್ಯಾಯಪೀಠ ಖಾಲಿ ಬೀಳಲಿಲ್ಲ. ಆದರೆ ಕಾಯಿಲೆ ಯಾರಿಗೂ ಕಾಯುವುದಿಲ್ಲ. ಅಷ್ಟರಲ್ಲಿ ಪತಿಯ ಸ್ಥಿತಿ ಬಹಳ ಇಳಿದಿತ್ತು. ಸ್ವಲ್ಪ ಕಾಲದಲ್ಲೇ ಅವರನ್ನು ಆರೈಕೆ ಕೇಂದ್ರಕ್ಕೆ ಸೇರಿಸಬೇಕಾಯಿತು. 2009ರಲ್ಲಿ ಅವರು ತೀರಿಕೊಂಡರು. ಹುದ್ದೆಯನ್ನು ಕ್ರಮವಾಗಿ ಒಪ್ಪಿಸಬೇಕು ಎಂಬ ಪಾಠ ಇದರಲ್ಲಿದೆ. ನಿರ್ಧಾರವನ್ನು ತೀರಾ ತಡಮಾಡಬಾರದು ಎಂಬ ಪಾಠವೂ ಇದೆ.

ಆ ಅವಕಾಶವೇ ಸಿಗದವರೂ ಇದ್ದಾರೆ. ಮೌಲಾನಾ ಅಬುಲ್ ಕಲಾಂ ಆಝಾದ್ ಕಾಂಗ್ರೆಸ್ ಅಧ್ಯಕ್ಷರಾಗಿದ್ದಾಗ 1942ರ ಆಗಸ್ಟ್ 9ರಂದು ಬಂಧನಕ್ಕೊಳಗಾಗಿ ಅಹ್ಮದ್‌ನಗರ ಕೋಟೆಯಲ್ಲಿದ್ದರು. ಕಲ್ಕತ್ತಾದಲ್ಲಿ ಪತ್ನಿ ಝುಲೈಖಾ ಬೇಗಮ್ ಅವರ ಕಾಯಿಲೆ ಉಲ್ಬಣಿಸಿದ ಸುದ್ದಿ ಬಂತು. ಸರ್ಕಾರಕ್ಕೆ ಏನಾದರೂ ಹೇಳುವುದಿದ್ದರೆ ತಲುಪಿಸುತ್ತೇನೆ ಎಂದು ಜೈಲು ಅಧಿಕಾರಿ ಹೇಳಿದರೂ ಬ್ರಿಟಿಷರ ಮುಂದೆ ಬೇಡಿಕೆ ಇಡಲು ಮೌಲಾನಾ ಒಪ್ಪಲಿಲ್ಲ. 1943ರ ಏಪ್ರಿಲ್‌ನಲ್ಲಿ ಆಕೆ ತೀರಿಕೊಂಡರು. ಆ ದಿನಗಳ ನೋವನ್ನು ಅವರು 'ಗುಬಾರೆ ಖಾತಿರ್' ಪತ್ರಗಳಲ್ಲಿ ತೋಡಿಕೊಂಡಿದ್ದಾರೆ. ಅವರದು ಸೆರೆಮನೆಯ ಗೋಡೆ, ದೇಶದ ಸ್ವಾಭಿಮಾನದ ಪ್ರಶ್ನೆ. ನಮ್ಮಲ್ಲಿ ಹೆಚ್ಚಿನವರಿಗೆ ಅಂಥ ಗೋಡೆ ಇಲ್ಲ. ಬಾಗಿಲು ತೆರೆದಿದ್ದೂ ಮನೆಗೆ ಹೋಗದಿದ್ದರೆ ಅದನ್ನು ತ್ಯಾಗ ಎಂದು ಕರೆಯುವಂತಿಲ್ಲ.

ಯಾವಾಗ ಬಿಡಬೇಕು, ಯಾವಾಗ ಬೇಡ

ಪತ್ನಿಗೆ ಜ್ವರ ಬಂದ ಕೂಡಲೇ ರಾಜೀನಾಮೆ ಬರೆಯಬೇಕೆಂದು ಯಾರೂ ಹೇಳುವುದಿಲ್ಲ. ನಿರ್ಧರಿಸುವ ಮೊದಲು ಕೆಲವು ಪ್ರಶ್ನೆಗಳನ್ನು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು. ಕಾಯಿಲೆ ಎಷ್ಟು ಕಾಲದ್ದು ಎಂದು ಡಾಕ್ಟರು ಹೇಳುತ್ತಾರೆ? ಒಂದೆರಡು ತಿಂಗಳಿನದಾದರೆ ರಜೆ ಸಾಕು. ನೋಡಿಕೊಳ್ಳಲು ಮನೆಯಲ್ಲಿ ನಿಜವಾಗಿ ಯಾರಿದ್ದಾರೆ? ಮಗಳನ್ನು ಕಾಲೇಜು ಬಿಡಿಸಿ ಕೂರಿಸುವುದು ಪರಿಹಾರವಲ್ಲ. ಹುದ್ದೆಯ ಕೆಲಸ ನನ್ನಿಂದ ಆಗುತ್ತಿದೆಯೇ, ಕಡತಗಳು ಬಾಕಿ ಬಿದ್ದು ಜನರು ಅಲೆಯುತ್ತಿದ್ದಾರೆಯೇ? ಮನೆಯ ಖರ್ಚು ಹೇಗೆ ನಡೆಯುತ್ತದೆ?

ಎಲ್ಲಕ್ಕಿಂತ ಮುಖ್ಯ, ರೋಗಿ ಏನು ಬಯಸುತ್ತಾರೆ? ಎಷ್ಟೋ ಪತ್ನಿಯರು "ನನ್ನ ಸಲುವಾಗಿ ಬಿಡಬೇಡ್ರಿ" ಎನ್ನುತ್ತಾರೆ. ಕೆಲವರು ಸಂಕೋಚದಿಂದ ಹಾಗನ್ನುತ್ತಾರೆ, ಕೆಲವರು ಮನಸಾರೆ ಹಾಗನ್ನುತ್ತಾರೆ. ಇಷ್ಟು ವರ್ಷ ಜೊತೆಗೆ ಬಾಳಿದವನಿಗೆ ಆ ವ್ಯತ್ಯಾಸ ತಿಳಿಯಬೇಕು.

ಎರಡರಲ್ಲಿ ಒಂದಕ್ಕೂ ನ್ಯಾಯ ಸಿಗುತ್ತಿಲ್ಲ ಎಂದು ಕಂಡಾಗ, ಇನ್ನೊಬ್ಬರು ಮಾಡಬಹುದಾದ ಕೆಲಸವನ್ನು ಅವರಿಗೆ ಒಪ್ಪಿಸಿ, ತಾನೇ ಮಾಡಬೇಕಾದ ಕೆಲಸಕ್ಕೆ ಹೋಗುವುದು ಸರಿಯಾದ ದಾರಿ. ಅಧ್ಯಕ್ಷರ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ. ಗಂಡನ ಜಾಗಕ್ಕೆ ಬರುವವರಿಲ್ಲ.

ಬಿಡುವುದಕ್ಕೂ ಕ್ರಮವಿದೆ

ಅಮಾನತ್ ಅನ್ನು ಅದರ ಹಕ್ಕುದಾರರಿಗೆ ಒಪ್ಪಿಸಬೇಕೆಂಬುದು ಸೂರಃ ಅನ್ನಿಸಾದ 58ನೇ ವಚನದ ಆದೇಶ. ಹುದ್ದೆ ಬಿಡುವವನಿಗೂ ಇದು ಅನ್ವಯಿಸುತ್ತದೆ.

1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಗ್ರಾಮ ಪಂಚಾಯ್ತಿಯ ಅಧ್ಯಕ್ಷರು ತಮ್ಮ ಸಹಿಯ ರಾಜೀನಾಮೆ ಪತ್ರವನ್ನು ಉಪವಿಭಾಗದ ಸಹಾಯಕ ಆಯುಕ್ತರಿಗೆ, ಅಂದರೆ ಎಸಿ ಸಾಹೇಬರಿಗೆ ಕೊಡಬೇಕು. ಸದಸ್ಯರು ಅಧ್ಯಕ್ಷರಿಗೆ ಕೊಡಬೇಕು. ಕೊಟ್ಟ ಮೇಲೆ ಮನಸ್ಸು ಬದಲಾದರೆ ನಿಗದಿತ ದಿನಗಳೊಳಗೆ ಹಿಂದಕ್ಕೆ ಪಡೆಯಲು ಅವಕಾಶವಿದೆ. ಅಧ್ಯಕ್ಷ ಸ್ಥಾನ ಬಿಟ್ಟ ಮಾತ್ರಕ್ಕೆ ಸದಸ್ಯತ್ವ ಹೋಗುವುದಿಲ್ಲ. ಆದ್ದರಿಂದ ಅಧ್ಯಕ್ಷರ ದಿನನಿತ್ಯದ ಹೊಣೆಯಿಂದ ಬಿಡುಗಡೆ ಪಡೆದು ವಾರ್ಡಿನ ಸದಸ್ಯರಾಗಿ ಮುಂದುವರಿಯುವ ನಡುದಾರಿಯೂ ಇದೆ. ಅಧ್ಯಕ್ಷರಿಲ್ಲದಾಗ ಅವರ ಕೆಲಸ ನೋಡಿಕೊಳ್ಳಲೆಂದೇ ಉಪಾಧ್ಯಕ್ಷರಿದ್ದಾರೆ ಎಂಬುದನ್ನೂ ಮರೆಯಬಾರದು.

ಶಾಸಕರು ವಿಧಾನಸಭಾಧ್ಯಕ್ಷರಿಗೆ ರಾಜೀನಾಮೆ ಸಲ್ಲಿಸುತ್ತಾರೆ. ಅದು ಸ್ವಇಚ್ಛೆಯದೇ, ನೈಜವೇ ಎಂದು ಸಭಾಧ್ಯಕ್ಷರಿಗೆ ಮನದಟ್ಟಾಗಬೇಕು ಎನ್ನುತ್ತದೆ ಸಂವಿಧಾನದ 190ನೇ ವಿಧಿ. ಅನುಮತಿ ಇಲ್ಲದೆ 60 ದಿನ ಸದನಕ್ಕೆ ಗೈರಾದರೆ ಸದನವು ಆ ಸ್ಥಾನ ಖಾಲಿಯೆಂದು ಘೋಷಿಸಬಹುದು ಎಂಬುದೂ ಅದೇ ವಿಧಿಯಲ್ಲಿದೆ. ಗೈರಾಗುವುದು ತಪ್ಪಲ್ಲ, ಅನುಮತಿ ಕೇಳದೆ ಗೈರಾಗುವುದು ತಪ್ಪು ಎಂಬುದು ಇದರ ಅರ್ಥ.

ಸರ್ಕಾರಿ ನೌಕರರ ವಿಷಯವೇ ಬೇರೆ. ಅವರು ಆತುರದಲ್ಲಿ ರಾಜೀನಾಮೆ ಬರೆದರೆ ಹಿಂದಿನ ಸೇವೆಯೆಲ್ಲ ಲೆಕ್ಕದಿಂದ ಹೋಗುತ್ತದೆ, ನಿವೃತ್ತಿ ಸೌಲಭ್ಯಗಳಿಗೆ ಪೆಟ್ಟು ಬೀಳುತ್ತದೆ. ಮೊದಲು ಗಳಿಕೆ ರಜೆ, ಅರ್ಧ ವೇತನ ರಜೆ, ಆಮೇಲೆ ವೇತನವಿಲ್ಲದ ಅಸಾಧಾರಣ ರಜೆ ನೋಡಬೇಕು. ಅಷ್ಟರಲ್ಲೂ ಆಗದಿದ್ದರೆ, ಬೇಕಾದಷ್ಟು ಸೇವೆ ಆಗಿದ್ದವರು ಸ್ವಯಂ ನಿವೃತ್ತಿ ಕೇಳಬಹುದು. ರಾಜೀನಾಮೆಗೂ ಸ್ವಯಂ ನಿವೃತ್ತಿಗೂ ಇರುವ ಅಂತರ ತಿಳಿಯದೆ ಸಹಿ ಹಾಕಬಾರದು. ಮನೆಯಲ್ಲಿ ರೋಗಿ ಇರುವಾಗ ಪಿಂಚಣಿಯ ಆಸರೆ ಕಳೆದುಕೊಳ್ಳುವುದು ರೋಗಿಗೂ ಒಳ್ಳೆಯದಲ್ಲ.

ಮಸೀದಿಯ ಮುತವಲ್ಲಿ, ಅಂಜುಮನ್ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಇವರಿಗೂ ಇದೇ ಮಾತು. ನಗದು, ರಸೀದಿ ಪುಸ್ತಕ, ಬ್ಯಾಂಕ್ ಪಾಸ್‌ಬುಕ್, ವಕ್ಫ್ ಆಸ್ತಿಯ ಕಾಗದಪತ್ರ, ಬಾಡಿಗೆ ಬಾಕಿಯ ಪಟ್ಟಿ, ಬೀಗದ ಕೈ ಇಷ್ಟನ್ನೂ ಬರೆದು, ಇಬ್ಬರು ಸಾಕ್ಷಿಗಳ ಮುಂದೆ ಒಪ್ಪಿಸಿ, ಸಹಿ ಪಡೆಯಬೇಕು. ಲೆಕ್ಕ ಒಪ್ಪಿಸದೆ ಬಿಟ್ಟರೆ ಆರೈಕೆಯ ನಡುವೆ ಹಳೆಯ ಲೆಕ್ಕದ ಜಗಳ ಮನೆ ಬಾಗಿಲಿಗೆ ಬರುತ್ತದೆ. ಪಂಚಾಯ್ತಿಯಲ್ಲಾದರೆ ಚೆಕ್ಕಿನ ಸಹಿ, ಡಿಜಿಟಲ್ ಸಹಿಯ ಡಾಂಗಲ್ ಬೇರೆಯವರ ಕೈಯಲ್ಲಿ ಬಿಟ್ಟು ಆಸ್ಪತ್ರೆಗೆ ಹೋಗಬಾರದು. ನಾಳೆ ಅದರ ಹೊಣೆ ಹೊರಬೇಕಾದವರು ನೀವೇ.

ರಾಜೀನಾಮೆ ಪತ್ರದಲ್ಲಿ ಕಾಯಿಲೆಯ ಹೆಸರು, ವಿವರ ಬರೆಯಬೇಕಿಲ್ಲ. ಕುಟುಂಬದವರ ಅನಾರೋಗ್ಯ ಎಂದರೆ ಸಾಕು. ಪತ್ನಿಯ ಕಾಯಿಲೆ ಆಕೆಯ ಗುಟ್ಟು, ಅದೂ ಅಮಾನತ್. ಹಾಗೆಯೇ, ಅವಿಶ್ವಾಸ ನಿರ್ಣಯಕ್ಕೆ ಹೆದರಿಯೋ ಒಳ ಒಪ್ಪಂದದಂತೆಯೋ ಕುರ್ಚಿ ಬಿಡುವವರು ಮನೆಯವರ ಕಾಯಿಲೆಯನ್ನು ನೆಪ ಮಾಡಬಾರದು. ಒಬ್ಬರು ಸುಳ್ಳು ಹೇಳಿದರೆ ನಾಳೆ ನಿಜ ಹೇಳುವವರನ್ನೂ ಜನ ನಂಬುವುದಿಲ್ಲ.

ಹುದ್ದೆ ಪತ್ನಿಯದಾದರೆ

ನಮ್ಮ ಪಂಚಾಯ್ತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ನಮ್ಮ ಸಮುದಾಯದ ಹೆಣ್ಣುಮಕ್ಕಳೂ ಗೆದ್ದು ಬಂದಿದ್ದಾರೆ. ಇಲ್ಲಿ ಒಂದು ತಾರತಮ್ಯವನ್ನು ಒಪ್ಪಿಕೊಳ್ಳಲೇಬೇಕು. ಗಂಡ ಕಾಯಿಲೆ ಬಿದ್ದರೆ ಹೆಂಡತಿ ಎಲ್ಲ ಬಿಟ್ಟು ಕೂರುವುದು ಸಹಜ ಎಂದು ಸುಮ್ಮನಾಗುತ್ತೇವೆ. ಆಕೆ ಏನು ಬಿಟ್ಟಳು ಎಂದು ಯಾರೂ ಕೇಳುವುದಿಲ್ಲ. ಹೆಂಡತಿ ಕಾಯಿಲೆ ಬಿದ್ದು ಗಂಡ ಕೂತರೆ ಮಾತ್ರ ಸುದ್ದಿಯಾಗುತ್ತದೆ. ಇಬ್ಬರ ತ್ಯಾಗಕ್ಕೂ ಒಂದೇ ತೂಕ. ಪ್ರವಾದಿ(ಸ) ಮನೆಯಲ್ಲಿದ್ದಾಗ ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರು, ನಮಾಝ್‌ನ ಹೊತ್ತಾದಾಗ ಹೊರಡುತ್ತಿದ್ದರು ಎಂದು ಹ. ಆಯಿಶಾ(ರ) ಹೇಳಿದ್ದಾರೆ. ಗಂಜಿ ಕಾಯಿಸುವುದು, ಹಾಸಿಗೆ ಬದಲಿಸುವುದು ಗಂಡಸಿಗೆ ಅವಮಾನ ಎನ್ನುವವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಡ.

ಹುದ್ದೆಯಲ್ಲಿರುವ ಪತ್ನಿಯೇ ಕಾಯಿಲೆ ಬಿದ್ದರೆ ಗಂಡ ಆಕೆಯ ಕುರ್ಚಿಯಲ್ಲಿ ಕೂತು ಸಭೆ ನಡೆಸುವಂತಿಲ್ಲ. ಜನರು ಓಟು ಹಾಕಿದ್ದು ಆಕೆಗೆ. ಗಂಡನ ಜಾಗ ಆಗ ಆಕೆಯ ಹಾಸಿಗೆಯ ಬಳಿ, ಪಂಚಾಯ್ತಿಯಲ್ಲಿ ಅಲ್ಲ.

ಜಮಾಅತ್‌ನ ಪಾಲು

ಒಬ್ಬರು ಹುದ್ದೆ ಬಿಟ್ಟರು ಎಂದರೆ ಅವರ ಮನೆಯ ಕಷ್ಟ ಮುಗಿಯಿತು ಎಂದಲ್ಲ, ಆಗ ಶುರುವಾಯಿತು ಎಂದರ್ಥ. ರೋಗಿಯನ್ನು ಭೇಟಿಯಾಗುವುದು ಮುಸ್ಲಿಮನ ಮೇಲೆ ಮುಸ್ಲಿಮನಿಗಿರುವ ಹಕ್ಕು. ಆದರೆ ಹಣ್ಣು ಕೊಟ್ಟು, ಹತ್ತು ನಿಮಿಷ ಕೂತು, ಇಂಥವರಿಗೂ ಹೀಗೇ ಆಗಿ ತೀರಿಹೋದರು ಎಂದು ಹೇಳಿ ಬರುವುದಕ್ಕಿಂತ ದೊಡ್ಡ ಕೆಲಸಗಳಿವೆ. ವಾರಕ್ಕೊಂದು ಸಲ ಡಯಾಲಿಸಿಸ್‌ಗೆ ಕರೆದೊಯ್ಯುವ ಗಾಡಿಯ ವ್ಯವಸ್ಥೆ ಮಾಡಬಹುದು. ಗಂಡನೋ ಹೆಂಡತಿಯೋ ಎರಡು ತಾಸು ನಿದ್ದೆ ಮಾಡಲೆಂದು ಅಷ್ಟು ಹೊತ್ತು ಮನೆಯವರೊಬ್ಬರು ಹೋಗಿ ರೋಗಿಯ ಬಳಿ ಕೂರಬಹುದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಅದರ ಕಾಗದಪತ್ರ ಓಡಾಡಿ ಮಾಡಿಸಿಕೊಡಲು ಓದಿದ ಯುವಕರು ಮುಂದಾಗಬಹುದು.

ರೋಗಿ ಗುಣವಾದ ಮೇಲೆ, ಅಥವಾ ಅಲ್ಲಾಹನ ಬಳಿಗೆ ಮರಳಿದ ಮೇಲೆ, ಹುದ್ದೆ ಬಿಟ್ಟವರನ್ನು ಮತ್ತೆ ಕರೆಯುವ ಹೊಣೆಯೂ ನಮ್ಮದೇ. ರುಕಯ್ಯ(ರ) ಅವರ ಹಾಸಿಗೆಯ ಬಳಿ ಕೂತು ಬದ್ರ್ ತಪ್ಪಿಸಿಕೊಂಡ ಉಸ್ಮಾನ್(ರ) ಅವರನ್ನೇ ಮುಸ್ಲಿಮರು ಮುಂದೆ ಮೂರನೇ ಖಲೀಫರಾಗಿ ಆರಿಸಿಕೊಂಡರು. ಮನೆಯ ಅಮಾನತ್ ಕಾಪಾಡಿದವನ ಕೈಗೆ ಊರಿನ ಅಮಾನತ್ ಕೊಡಲು ಅವರು ಹಿಂಜರಿಯಲಿಲ್ಲ.

ನಮ್ಮ ಮನೆಗಳಲ್ಲಿ ಕಾಯಿಲೆಯಿಂದ ಮಲಗಿರುವ ಎಲ್ಲರಿಗೂ ಅಲ್ಲಾಹನು ಶಿಫಾ ನೀಡಲಿ. ಅವರ ಬಳಿ ನಿದ್ದೆಗೆಟ್ಟು ಕೂತಿರುವವರಿಗೆ ತಾಳ್ಮೆಯನ್ನೂ ಪ್ರತಿಫಲವನ್ನೂ ಕೊಡಲಿ. ಆಮೀನ್.